ಕಾಟಾ ಹತ್ತದ ಬಸ್ಸು

ಕಬ್ಬು ಬೆಳೆಯುವವರಿಗೆ ‘ಕಾಟಾ’ ಅಂದರೆ ಬರಿಯ ತಕ್ಕಡಿಯಲ್ಲ, ವರ್ಷದ ದುಡಿಮೆಗೆ ಬೆಲೆ ಕಟ್ಟುವ ಜಾಗ. ಟ್ರ್ಯಾಕ್ಟರು ಎರಡು ಟ್ರಾಲಿ ಎಳೆದುಕೊಂಡು ಬಂದು ಅದರ ಮೇಲೆ ನಿಲ್ಲುತ್ತದೆ. ತುಂಬಿದ ತೂಕ ಬರೆದುಕೊಳ್ಳುತ್ತಾರೆ, ಕಬ್ಬು ಇಳಿಸಿ ಮರಳಿದ ಮೇಲೆ ಖಾಲಿ ತೂಕ ಬರೆದುಕೊಳ್ಳುತ್ತಾರೆ, ನಡುವಿನ ಅಂತರಕ್ಕೆ ದುಡ್ಡು. ಕಾಟಾದಲ್ಲಿ ಮೋಸವಾಯಿತೆಂದು ರೈತರು ಬೀದಿಗಿಳಿಯುವುದು ಉತ್ತರ ಕರ್ನಾಟಕದಲ್ಲಿ ಹೊಸ ಸುದ್ದಿಯಲ್ಲ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ)ಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದು ಇಲ್ಲಿಯೇ. ಅದರ ದಿನಗಳು ಈಚೆಗೆ ಚೆನ್ನಾಗಿಲ್ಲ, ಆ ಮಾತು ಬೇರೆ. ಇದೇ ಊರಿನ ಮೇಲೆ ಬೀದರ್‌ಗೂ ಹುಮನಾಬಾದಿಗೂ ದಿನವಿಡೀ ಬಸ್ಸುಗಳು ಓಡಾಡುತ್ತವೆ. ಬೆಳಿಗ್ಗೆ ಕಾಲೇಜಿಗೆ, ಕಚೇರಿಗೆ, ಆಸ್ಪತ್ರೆಗೆ ಹೋಗುವವರು ಬಾಗಿಲವರೆಗೂ ತುಂಬಿರುತ್ತಾರೆ. ಆ ಬಸ್ಸು ಯಾವ ಕಾಟಾವನ್ನೂ ಹತ್ತುವುದಿಲ್ಲ. ನೋಂದಣಿಯ ಹೊತ್ತಿಗೆ ಕಾಗದದ ಮೇಲೆ ಬಿದ್ದ ತೂಕವೇ ಅದರ ಆಯುಷ್ಯಪೂರ್ತಿಯ ತೂಕ. ಒಂದು ಟ್ರಾಲಿ ಕಬ್ಬಿನಲ್ಲಿ ಅರ್ಧ ಕ್ವಿಂಟಲ್ ಆಚೀಚೆಯಾದರೆ ಜಗಳವಾಗುವ ಊರಿನಲ್ಲಿ ಬಸ್ಸು ಮೂರು ಟನ್ ಹೆಚ್ಚು ಹೊತ್ತರೂ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದಕ್ಕೆ ಅಧಿಕಾರಿಗಳ ಅಲಕ್ಷ್ಯವೊಂದೇ ಕಾರಣವಲ್ಲ, ಕಾನೂನಿನ ಕಟ್ಟಡವೇ ಹಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮು ಎಲ್ಲ ಮೋಟಾರು ವಾಹನಗಳಿಗೂ ಅನ್ವಯಿಸುತ್ತದೆ. ನೋಂದಣಿ ಪತ್ರದಲ್ಲಿ ಬರೆದ ಒಟ್ಟು ತೂಕವನ್ನು ಮೀರಿ ಯಾವ ವಾಹನವನ್ನೂ ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಇಲ್ಲಿಯವರೆಗೆ ಬಸ್ಸೂ ಲಾರಿಯೂ ಸಮಾನ. ಮುಂದಿನ ಕಲಮು 114, ಅನುಮಾನ ಬಂದ ವಾಹನವನ್ನು ಹತ್ತಿರದ ತೂಕದ ಯಂತ್ರಕ್ಕೆ ಒಯ್ಯಿರಿ ಎಂದು ಹೇಳುವ ಅಧಿಕಾರವನ್ನು ಕೊಡುತ್ತದೆ. ಆದರೆ ಅದು ಹೆಸರಿಸುವುದು ಸರಕು ಸಾಗಣೆ ವಾಹನ ಮತ್ತು ಟ್ರೇಲರನ್ನು ಮಾತ್ರ. ಮಿತಿ ಬಸ್ಸಿಗೂ ಇದೆ, ಮಿತಿ ಮೀರಿದೆಯೇ ಎಂದು ನೋಡುವ ಕೈ ಬಸ್ಸಿನವರೆಗೆ ಚಾಚುವುದಿಲ್ಲ. ದಂಡದಲ್ಲೂ ಇದೇ ಭೇದ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಡಿ ಹೆಚ್ಚು ಭಾರ ಹೊತ್ತ ವಾಹನಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಹೆಚ್ಚು ಜನರನ್ನು ಹೊತ್ತ ವಾಹನಕ್ಕೆಂದು 194-ಎ ಎಂಬ ಬೇರೆಯೇ ಕಲಮಿದೆ: ಹೆಚ್ಚಾದ ಪ್ರತಿ ಪ್ರಯಾಣಿಕರಿಗೆ 200 ರೂಪಾಯಿ. ಲಾರಿಯನ್ನು ಕಿಲೋದಲ್ಲಿ ಅಳೆಯುವ ಕಾನೂನು ಬಸ್ಸನ್ನು ತಲೆಯಲ್ಲಿ ಎಣಿಸುತ್ತದೆ. ರಸ್ತೆಗೆ ಈ ವ್ಯತ್ಯಾಸ ತಿಳಿಯದು. ಟೈರಿನ ಅಡಿಯಲ್ಲಿ ಸಿಕ್ಕ ಡಾಂಬರಿಗೆ ಮೇಲಿರುವುದು ಮರಳೋ ಮನುಷ್ಯರೋ ಎಂಬುದರಿಂದ ಏನಾಗಬೇಕು?

ತಲೆ ಎಣಿಸುವುದನ್ನು ಬಿಟ್ಟು ಬಸ್ಸನ್ನು ತೂಗಲು ಕಲಿಯಬೇಕು, ಆದರೆ ಜನರನ್ನು ಕೆಳಗಿಳಿಸುವ ಉದ್ದೇಶಕ್ಕಾಗಿ ಅಲ್ಲ ಎಂಬುದೇ ಈ ಲೇಖನದ ವಾದ. ಅದನ್ನು ಒಪ್ಪಬೇಕಾದರೆ ತೂಕವು ರಸ್ತೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ಮೊದಲು ತಿಳಿದಿರಬೇಕು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ 1958ರಿಂದ 1960ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಯ ಸುತ್ತುಗಳನ್ನು ಹಾಕಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಟ್ರಕ್ಕುಗಳನ್ನು ಸೇನೆಯ ಚಾಲಕರಿಂದ ಎರಡು ವರ್ಷ ಓಡಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಚ್ಚುಗಳು ಆ ರಸ್ತೆಯ ಮೇಲೆ ಹಾದವು. ಫಲಿತಾಂಶದಿಂದ ಹೊರಟ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ರಸ್ತೆಯ ಸವೆತ ಅಚ್ಚಿನ ಮೇಲಿನ ಭಾರದ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಇಮ್ಮಡಿಯಾದರೆ ಸವೆತ ಎರಡು ಪಟ್ಟಲ್ಲ, ಹದಿನಾರು ಪಟ್ಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಗಳೂ ಇದೇ ಲೆಕ್ಕವನ್ನು ಇಟ್ಟುಕೊಂಡಿವೆ. ಜೋಡಿ ಗಾಲಿಯ ಹಿಂದಿನ ಅಚ್ಚಿಗೆ ಸುಮಾರು 8.16 ಟನ್, ಒಂಟಿ ಗಾಲಿಯ ಮುಂದಿನ ಅಚ್ಚಿಗೆ ಸುಮಾರು 6.6 ಟನ್ ಎಂಬುದು ಅವುಗಳ ಮಾನದಂಡ. ಅಷ್ಟು ಭಾರದ ಅಚ್ಚು ಒಮ್ಮೆ ಹಾದರೆ ಒಂದು ಏಟು ಎಂದುಕೊಳ್ಳಿ. ರಸ್ತೆ ಎಷ್ಟು ಏಟು ತಿನ್ನಬಲ್ಲದು ಎಂಬುದರ ಮೇಲೆ ಅದರ ದಪ್ಪ ನಿಗದಿಯಾಗುತ್ತದೆ.

ಇದನ್ನು ನಮ್ಮ ಬಸ್ಸಿಗೆ ಹಚ್ಚಿ ನೋಡೋಣ. ಎರಡು ಅಚ್ಚಿನ ಸಾಮಾನ್ಯ ಸಾರಿಗೆ ಬಸ್ಸು ಖಾಲಿಯಿದ್ದಾಗ 10 ಟನ್ ಇದೆಯೆಂದು, ತಲೆಗೆ ಸರಾಸರಿ 60 ಕಿಲೋ ಎಂದು, ಒಟ್ಟು ಭಾರದ ಶೇ. 65ರಷ್ಟು ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆಂದು ಹಿಡಿಯೋಣ. 50 ಜನ ಕುಳಿತರೆ ಬಸ್ಸು 13 ಟನ್. ಹಿಂದಿನ ಅಚ್ಚಿನ ಮೇಲೆ ಎಂಟೂವರೆ ಟನ್. ಸೂತ್ರದ ಪ್ರಕಾರ ಒಂದು ಸಲ ಹಾದರೆ ಎರಡೂ ಅಚ್ಚು ಸೇರಿ ಸುಮಾರು 1.4 ಏಟು. ಅದೇ ಬಸ್ಸಿನಲ್ಲಿ 100 ಜನ ಹತ್ತಿದರೆ 16 ಟನ್, ಏಟು 3.2ರ ಹತ್ತಿರ. ತೂಕ ಏರಿದ್ದು ಕಾಲು ಭಾಗಕ್ಕಿಂತ ಕಡಿಮೆ, ಸವೆತ ಏರಿದ್ದು ಎರಡು ಪಟ್ಟಿಗೂ ಹೆಚ್ಚು. ಒಂದು ಸಣ್ಣ ಕಾರಿನ ಏಟು ಇದರ ಮುಂದೆ ಎಷ್ಟು ಎಂದು ಕೇಳಿದರೆ ಉತ್ತರ ತಮಾಷೆಯಾಗಿರುತ್ತದೆ: ಸೀಟು ತುಂಬಿದ ಒಂದು ಬಸ್ಸು ರಸ್ತೆಗೆ ಮಾಡುವಷ್ಟು ಗಾಯ ಮಾಡಲು ಐದು ಸಾವಿರ ಕಾರುಗಳಾದರೂ ಬೇಕು. ಬಸ್ಸಿನ ಪರ ವಾದಿಸುವವರು ಇದನ್ನು ಮರೆಮಾಚಬಾರದು. ಆ ಐವತ್ತು ಜನ ಹದಿನೈದು ಕಾರಿನಲ್ಲಿ ಹೋಗಿದ್ದರೆ, ಬರೀ ಡಾಂಬರಿನ ಮಟ್ಟಿಗೆ, ರಸ್ತೆಗೆ ಏನೂ ಆಗುತ್ತಿರಲಿಲ್ಲ. ಆದರೆ ಆ ಐವತ್ತು ಜನರ ಬಳಿ ಕಾರು ಇರುವುದಿಲ್ಲ. ರಸ್ತೆಯನ್ನು ಸವೆಸದೆ ಕಾಪಾಡಿಕೊಳ್ಳುವುದೇ ಗುರಿಯಾದರೆ ಅದರ ಮೇಲೆ ಯಾರನ್ನೂ ಬಿಡದಿರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಹಳ್ಳಿಖೇಡದ ಸುತ್ತಲಿನ ನೆಲ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೀದರ್ ಜಿಲ್ಲೆಯಲ್ಲಿ ಎರಡು ಬಗೆಯ ನೆಲವುಂಟು. ಎತ್ತರದ ಬಯಲಿನಲ್ಲಿ ಕೆಂಪು ಜಂಬಿಟ್ಟಿಗೆ, ತಗ್ಗಿನಲ್ಲಿ ಕರಿಮಣ್ಣು. ಜಂಬಿಟ್ಟಿಗೆಯ ಮೇಲೆ, ಅದರ ಮುರುಮು ಹಾಸಿ ಹಾಕಿದ ರಸ್ತೆ ಗಟ್ಟಿ ನಿಲ್ಲುತ್ತದೆ. ಕರಿಮಣ್ಣಿನ ಸ್ವಭಾವ ಬೇರೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯ್ಬಿಟ್ಟು ಬಿರಿಯುತ್ತದೆ. ತೊಗರಿಗೂ ಕಬ್ಬಿಗೂ ಕೊಡುವ ತೇವವನ್ನು ಅದು ರಸ್ತೆಯ ಅಡಿಯಲ್ಲೂ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಭಾರ ಹೊರುವ ಶಕ್ತಿಯನ್ನು ಅಳೆಯುವ ಸಿ.ಬಿ.ಆರ್. ಎಂಬ ಅಳತೆಯಲ್ಲಿ ಗಟ್ಟಿ ಜಲ್ಲಿಗೆ 100 ಅಂಕವಾದರೆ ನೆನೆದ ಕರಿಮಣ್ಣಿಗೆ ಸಾಮಾನ್ಯವಾಗಿ 2ರಿಂದ 4. ಮೇಲೆ ಎಷ್ಟು ಚೆನ್ನಾಗಿ ಡಾಂಬರು ಹಾಕಿದರೂ ಅಡಿಯಲ್ಲಿ ಹಾಸಿಗೆ ಮೆತ್ತಗಿದ್ದರೆ ಗಾಲಿಯ ದಾರಿ ಕುಸಿಯುತ್ತದೆ, ಕುಸಿದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ತಗ್ಗು ಬೀಳುತ್ತದೆ. ಒಂದೇ ಭಾರದ ಬಸ್ಸು ಮಾರ್ಚಿನಲ್ಲಿ ಏನೂ ಮಾಡದೆ ಹಾದುಹೋದ ರಸ್ತೆಯನ್ನು ಆಗಸ್ಟಿನಲ್ಲಿ ಕೆಡಿಸಬಲ್ಲದು.

ಹುಮನಾಬಾದಿನ ಹತ್ತಿರ ಎರಡು ದೊಡ್ಡ ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ಮೇಲೆ ಮಚಲೀಪಟ್ಟಣಕ್ಕೆ ಹೋಗುವ 65, ನಾಂದೇಡದಿಂದ ಬೀದರ್, ಕಲಬುರಗಿ, ವಿಜಯಪುರ ಮೇಲೆ ಚಿತ್ರದುರ್ಗಕ್ಕೆ ಹೋಗುವ 50. ಇವುಗಳ ಮೇಲೆ ಬಸ್ಸಿನ ತೂಕ ದೊಡ್ಡ ವಿಷಯವೇ ಅಲ್ಲ. ಸಿಮೆಂಟು, ಕಬ್ಬಿಣ ಹೊತ್ತ ಹತ್ತು–ಹನ್ನೆರಡು ಗಾಲಿಯ ಲಾರಿಗಳಿಗಾಗಿ ಕಟ್ಟಿದ ದಪ್ಪದ ರಸ್ತೆಗಳು ಅವು. ತೊಂದರೆ ಇರುವುದು ಹೆದ್ದಾರಿ ಬಿಟ್ಟು ಹಳ್ಳಿಗೆ ತಿರುಗಿದ ಮೇಲೆ. 3.75 ಮೀಟರ್ ಅಗಲದ ಒಂದೇ ಸಾಲಿನ ರಸ್ತೆಯಲ್ಲಿ ಹೋಗುವ ಬಸ್ಸೂ ಬರುವ ಬಸ್ಸೂ ಅದೇ ಗಾಲಿದಾರಿಯನ್ನು ತುಳಿಯುತ್ತವೆ. ಅಲ್ಲಿ ಲಾರಿ ಅಪರೂಪ. ವರ್ಷದ 365 ದಿನವೂ ತಪ್ಪದೆ ಬರುವ ಅತಿ ಭಾರದ ವಾಹನವೆಂದರೆ ಬಸ್ಸೇ. ದಿನಕ್ಕೆ ಎಂಟು ಸಲ ಹೋಗಿ ಬರುವ ಬಸ್ಸು ಎಂದರೆ 16 ಸಲ ಹಾದಂತಾಯಿತು. ಎಲ್ಲರೂ ಕುಳಿತೇ ಹೋದರೆ ಹತ್ತು ವರ್ಷದಲ್ಲಿ ರಸ್ತೆಗೆ ಸುಮಾರು 80 ಸಾವಿರ ಏಟು. ಪ್ರತಿ ಟ್ರಿಪ್ಪೂ ಕಿಕ್ಕಿರಿದರೆ 1 ಲಕ್ಷ 80 ಸಾವಿರಕ್ಕೂ ಹೆಚ್ಚು. ಹಳ್ಳಿ ರಸ್ತೆಗಳಿಗಾಗಿ ರಸ್ತೆ ಕಾಂಗ್ರೆಸ್ಸು ಮಾಡಿರುವ ಸಂಹಿತೆಯಲ್ಲಿ 60 ಸಾವಿರದಿಂದ 1 ಲಕ್ಷ ಏಟಿನವರೆಗಿನ ರಸ್ತೆ ಒಂದು ವರ್ಗ, 1ರಿಂದ 2 ಲಕ್ಷದವರೆಗಿನದು ಅದರ ಮೇಲಿನ ವರ್ಗ. ಅಂದರೆ ಬಸ್ಸಿನ ಒಳಗೆ ನಿಂತವರು ಎಷ್ಟು ಎಂಬುದೊಂದೇ ರಸ್ತೆಯ ವರ್ಗವನ್ನು ಬದಲಿಸಬಲ್ಲದು. ಎಲ್ಲ ಟ್ರಿಪ್ಪೂ ಕಿಕ್ಕಿರಿಯುವುದಿಲ್ಲ, ಮಧ್ಯಾಹ್ನದ ಬಸ್ಸು ಅರ್ಧ ಖಾಲಿಯೇ ಹೋಗುತ್ತದೆ. ನಿಜವಾದ ಅಂಕಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂಬುದನ್ನು ಯಾರೂ ತೂಗಿ ನೋಡದಿದ್ದರೆ ರಸ್ತೆಯ ದಪ್ಪ ಊಹೆಯ ಮೇಲೆ ನಿಲ್ಲುತ್ತದೆ.

ಇನ್ನು ಕಾನೂನಿನ ವಿಚಿತ್ರ ನೋಡಿ. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಅಚ್ಚಿನ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು, ಮುಂದಿನ ಅಚ್ಚಿಗೆ 6 ಇದ್ದದ್ದು 7 ಆಯಿತು. ಎರಡು ಅಚ್ಚಿನ ವಾಹನದ ಒಟ್ಟು ತೂಕದ ಮಿತಿ 16.2ರಿಂದ 18.5 ಟನ್ನಿಗೆ ಏರಿತು. ಸರಕು ಸಾಗಣೆಯ ಖರ್ಚು ತಗ್ಗಬೇಕು, ಲಾರಿಗಳ ಶಕ್ತಿ ಹೆಚ್ಚಿದೆ ಎಂಬುದು ಅದರ ಹಿಂದಿನ ತರ್ಕ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಿಂದಿನ ಅಚ್ಚಿಗೆ ಹೆಚ್ಚಿಸಿದ ಶೇ. 13ರಷ್ಟು ಭಾರ ನಾಲ್ಕನೇ ಘಾತಕ್ಕೆ ಏರಿದಾಗ ಶೇ. 60ಕ್ಕೂ ಹೆಚ್ಚು ಸವೆತವಾಗುತ್ತದೆ. ರಾಜಪತ್ರದ ಒಂದು ಪ್ರಕಟಣೆಯಿಂದ ಲಾರಿಯ ಹಕ್ಕು ಹೆಚ್ಚಿತು. ಅದಕ್ಕೂ ಮೊದಲು ಕಟ್ಟಿದ ರಸ್ತೆಯ ದಪ್ಪ ಎಷ್ಟಿತ್ತೋ ಅಷ್ಟೇ ಉಳಿಯಿತು. ಬಸ್ಸಿನ ವಿಷಯಕ್ಕೆ ಬಂದರೆ, ಮೇಲೆ ಲೆಕ್ಕ ಹಾಕಿದ, 100 ಜನರನ್ನು ಹೊತ್ತ 16 ಟನ್ನಿನ ಬಸ್ಸಿನ ಹಿಂದಿನ ಅಚ್ಚಿನ ಮೇಲೆ ಬೀಳುವುದು ಹತ್ತೂವರೆ ಟನ್ನಿಗಿಂತ ಸ್ವಲ್ಪ ಕಡಿಮೆ. ಹೊಸ ಮಿತಿಯ ಪ್ರಕಾರ ಅದು ಸಲೀಸಾಗಿ ಪಾಸು. ತಲೆಯ ಲೆಕ್ಕದಲ್ಲಿ ಪ್ರತಿಯೊಬ್ಬ ಹೆಚ್ಚುವರಿ ಪ್ರಯಾಣಿಕರಿಗೆ 200 ರೂಪಾಯಿಯ ಅಪರಾಧಿಯಾದ ಬಸ್ಸು ಅಚ್ಚಿನ ಲೆಕ್ಕದಲ್ಲಿ ನಿರಪರಾಧಿ! ಒಂದೇ ಬಸ್ಸಿಗೆ ಎರಡು ಅಳತೆಗೋಲು ಹಿಡಿದು ಎರಡು ತೀರ್ಪು ಬರುತ್ತಿದ್ದರೆ ಅಳತೆಗೋಲನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಬೀದರ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಸಂಸ್ಥಾನದಲ್ಲಿ 1932ರ ಜೂನ್ ತಿಂಗಳಲ್ಲಿ 27 ಬಸ್ಸು, 166 ಸಿಬ್ಬಂದಿಯೊಂದಿಗೆ ಸರ್ಕಾರಿ ಬಸ್ ಸಾರಿಗೆ ಶುರುವಾಯಿತು. ಅದನ್ನು ನಡೆಸಿದ್ದು ನಿಜಾಮರ ರೈಲ್ವೆಯ ಒಂದು ವಿಭಾಗ. ಮೈಸೂರು ಸರ್ಕಾರದ ಬಸ್ ಇಲಾಖೆ ಹುಟ್ಟಿದ್ದು 1948ರಲ್ಲಿ, ಅದು ನಿಗಮವಾದದ್ದು 1961ರಲ್ಲಿ, ಈಶಾನ್ಯ ಭಾಗಕ್ಕೆ ಕಲಬುರಗಿ ಕೇಂದ್ರವಾಗಿ ಪ್ರತ್ಯೇಕ ನಿಗಮವಾದದ್ದು 2000ದಲ್ಲಿ, ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು ಬಂದದ್ದು ತೀರಾ ಈಚೆಗೆ. ರೈಲ್ವೆಯ ಮನೆಯಲ್ಲಿ ಹುಟ್ಟಿದ ಬಸ್ಸು ರೈಲ್ವೆಯ ಒಂದು ಶಿಸ್ತನ್ನು ಮಾತ್ರ ತನ್ನದಾಗಿಸಿಕೊಳ್ಳಲಿಲ್ಲ. ರೈಲಿನಲ್ಲಿ ಅಚ್ಚಿನ ಭಾರ ತಿಳಿಯದೆ ಯಾವ ಬಂಡಿಯೂ ಸೇತುವೆ ದಾಟುವುದಿಲ್ಲ. ಹಳಿಯೂ ಬಂಡಿಯೂ ಒಂದೇ ಯಜಮಾನನವು, ಹಳಿ ಮುರಿದರೆ ನಷ್ಟ ಅವನಿಗೇ. 2017ರ ಅಕ್ಟೋಬರಿನಲ್ಲಿ ತೆರೆದ ಬೀದರ್–ಕಲಬುರಗಿ ರೈಲುಮಾರ್ಗಕ್ಕೂ ಇದೇ ನಿಯಮ. ಬಸ್ಸಿನ ಕಥೆ ಹಾಗಲ್ಲ. ಬಸ್ಸು ಸಾರಿಗೆ ನಿಗಮದ್ದು, ಹೆದ್ದಾರಿ ಕೇಂದ್ರದ್ದು, ಜಿಲ್ಲಾ ರಸ್ತೆ ಲೋಕೋಪಯೋಗಿ ಇಲಾಖೆಯದು, ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದು. ಬಸ್ಸು ಹೆಚ್ಚು ಹೊತ್ತರೆ ರಸ್ತೆಯವನಿಗೆ ನಷ್ಟ, ರಸ್ತೆ ಕೆಟ್ಟರೆ ಬಸ್ಸಿನ ಪಾಟಾ ಮುರಿದು ಡಿಪೋಗೆ ನಷ್ಟ. ಒಬ್ಬರ ನಷ್ಟ ಇನ್ನೊಬ್ಬರ ಖಾತೆಯಲ್ಲಿ ಕಾಣುವುದೇ ಇಲ್ಲ.

ಹಾಗಿದ್ದರೆ ನಿಂತವರನ್ನು ಇಳಿಸಿ, ಅವರಿಗೆ ಇನ್ನೊಂದು ಬಸ್ಸು ಕೊಟ್ಟರೆ ರಸ್ತೆ ಉಳಿಯುತ್ತದೆಯೇ? ಲೆಕ್ಕ ನಿರೀಕ್ಷೆಯನ್ನು ಹುಸಿ ಮಾಡುತ್ತದೆ. 100 ಜನರ ಒಂದು ಬಸ್ಸಿಗೆ 3.2 ಏಟು, 50 ಜನರ ಎರಡು ಬಸ್ಸಿಗೆ 2.8. ಉಳಿತಾಯ ಎಂಟರಲ್ಲಿ ಒಂದು ಪಾಲು. ಡೀಸೆಲ್ಲು, ಚಾಲಕ, ನಿರ್ವಾಹಕರ ಖರ್ಚು ಇಮ್ಮಡಿ. ರಸ್ತೆಯ ಕಾರಣ ಕೊಟ್ಟು ಜನರನ್ನು ಬಸ್ಸಿನಿಂದ ಇಳಿಸುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಕಾರಣ ಸರಳ: ಬಸ್ಸಿನ ತೂಕದಲ್ಲಿ ಜನರ ಪಾಲು ಕಡಿಮೆ, ಕಬ್ಬಿಣದ ಪಾಲು ಹೆಚ್ಚು. ಅದೇ ಬಸ್ಸಿನ ಖಾಲಿ ತೂಕವನ್ನು 10 ಟನ್ನಿನಿಂದ 9ಕ್ಕೆ ಇಳಿಸಿದರೆ ಐವತ್ತು ಜನರ ಬಸ್ಸಿನ ಏಟು 1.4ರಿಂದ 1ಕ್ಕೆ ಇಳಿಯುತ್ತದೆ. ಒಂದು ಟನ್ ಕಬ್ಬಿಣ ಕಡಿಮೆ ಮಾಡುವುದೂ ಹದಿನೇಳು ಜನರನ್ನು ಇಳಿಸುವುದೂ ರಸ್ತೆಗೆ ಒಂದೇ. ವ್ಯತ್ಯಾಸವೆಂದರೆ ಕಬ್ಬಿಣವನ್ನು ಇಳಿಸಿದರೆ ಯಾರೂ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ, ಮತ್ತು ಖಾಲಿ ಟ್ರಿಪ್ಪಿನಲ್ಲೂ ಉಳಿತಾಯವಾಗುತ್ತದೆ, ಡೀಸೆಲ್ಲಿನಲ್ಲೂ ಆಗುತ್ತದೆ. ಹಗುರಾದ ಎರಡು ಬಸ್ಸು 100 ಜನರನ್ನು ಒಯ್ದರೆ ಏಟು 3.2ರ ಬದಲು 2. ಈಗ ಮಾತ್ರ ಎರಡನೆಯ ಬಸ್ಸಿಗೆ ರಸ್ತೆಯ ಕಡೆಯಿಂದಲೂ ಸಮರ್ಥನೆ ಸಿಗುತ್ತದೆ.

ಹೊರಗಿನವರು ಈ ಗಂಟನ್ನು ಹೇಗೆ ಬಿಚ್ಚಿದರು ಎಂದು ನೋಡಿದರೆ ಎರಡು ದಾರಿ ಕಾಣುತ್ತವೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಒಂದು ಅಚ್ಚಿನ ಮಿತಿ 20,000 ಪೌಂಡು, ಸುಮಾರು 9 ಟನ್. ನಗರ ಸಾರಿಗೆಯ ಬಸ್ಸುಗಳು ಜನ ಹತ್ತಿದ ಕೂಡಲೇ ಅದನ್ನು ಮೀರುತ್ತಿದ್ದವು. ಬಸ್ಸಿಗೆ 24,000 ಪೌಂಡಿನವರೆಗೆ ವಿನಾಯಿತಿ ಕೊಟ್ಟು 1990ರ ದಶಕದಿಂದ ಕಣ್ಣು ಮುಚ್ಚಿಕೊಂಡದ್ದು ಮೊದಲ ದಾರಿ. ಕ್ಯಾಲಿಫೋರ್ನಿಯಾ 2015ರಲ್ಲಿ ಮಾಡಿದ ಕಾನೂನು ಎರಡನೆಯದು. ಅದು ಜನ ಹತ್ತಿದ ಬಸ್ಸಿನ ತೂಕವನ್ನು ಬಿಟ್ಟು ಖಾಲಿ ಬಸ್ಸಿನ ಅಚ್ಚಿನ ಭಾರಕ್ಕೆ ಮಿತಿ ಹಾಕಿತು. ಓಡುತ್ತಿರುವ ಬಸ್ಸನ್ನು ಹಿಡಿಯದೆ ಹೊಸದಾಗಿ ಕೊಳ್ಳುವ ಬಸ್ಸಿಗೆ ಮಾತ್ರ, ವರ್ಷ ಕಳೆದಂತೆ ಬಿಗಿಯಾಗುವ ಹಾಗೆ. ಹೊಣೆ ಹೀಗೆ ಬಸ್ಸು ಓಡಿಸುವವರ ಹೆಗಲಿನಿಂದ ತಯಾರಕನ ಹೆಗಲಿಗೆ ಹೋಯಿತು. ಯುರೋಪು 2015ರಲ್ಲೇ ಎರಡು ಅಚ್ಚಿನ ಬಸ್ಸಿನ ಮಿತಿಯನ್ನು 18ರಿಂದ 19.5 ಟನ್ನಿಗೆ ಏರಿಸಿ ಬೇರೆ ದಿಕ್ಕಿಗೆ ಹೋಯಿತು. ಅಲ್ಲಿ ಹಾಸು ಗಟ್ಟಿ, ಹಣವುಂಟು. ಕರಿಮಣ್ಣಿನವರು ಅನುಕರಿಸಬೇಕಾದದ್ದು ಕ್ಯಾಲಿಫೋರ್ನಿಯಾವನ್ನೇ ಹೊರತು ಯುರೋಪನ್ನಲ್ಲ ಎಂಬುದು ನನ್ನ ಎಣಿಕೆ. ಟೆಂಡರು ಕರೆಯುವಾಗ ಆಸನವೆಷ್ಟು, ಬೆಲೆಯೆಷ್ಟು, ಮೈಲೇಜೆಷ್ಟು ಎಂದು ಕೇಳುವ ಜಾಗದಲ್ಲೇ ಖಾಲಿ ಬಸ್ಸಿನ ಹಿಂದಿನ ಅಚ್ಚಿನ ಮೇಲೆ ಎಷ್ಟು ಎಂದೂ ಕೇಳಿ, ಹಗುರಾದದ್ದಕ್ಕೆ ಅಂಕ ಕೊಡಬಹುದು. ಹಗುರಾದರೆ ಮಗುಚಿದಾಗ ಬಸ್ಸು ನುಜ್ಜುಗುಜ್ಜಾಗದೇ ಎಂದು ಯಾರಾದರೂ ಕೇಳಿದರೆ ಆ ಭಯ ನ್ಯಾಯವೇ. ಮಗುಚುವಿಕೆಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬಾರದು. ಬಲ ಕುಗ್ಗಿಸದೆ ತೂಕ ತಗ್ಗಿಸುವ ಉಕ್ಕು, ಅಲ್ಯೂಮಿನಿಯಂ ಬಳಕೆಗೆ ಹೆಚ್ಚು ಬೆಲೆ ತೆರಬೇಕಾದರೆ ತೆರಬೇಕು. ಬ್ಯಾಟರಿ ಬಸ್ಸುಗಳು ಬೀದರ್ ಕಡೆಯ ಹಳ್ಳಿಗಳಿಗೂ ಬರುವ ದಿನ ಈ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ ದೊಡ್ಡ ಬಸ್ಸಿನ ಬ್ಯಾಟರಿಯ ತೂಕವೇ ಟನ್ನುಗಳಲ್ಲಿರುತ್ತದೆ.

ಕಬ್ಬಿನ ಟ್ರಾಲಿ, ಮರಳಿನ ಟಿಪ್ಪರು ರಸ್ತೆಯನ್ನು ಹುಡಿ ಮಾಡುತ್ತಿರುವಾಗ ಬಡವರ ಬಸ್ಸಿನ ಬೆನ್ನು ಬೀಳುವುದೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದಕ್ಕೆ ಪೂರ್ತಿ ಉತ್ತರವಿಲ್ಲ, ಏಕೆಂದರೆ ಆಕ್ಷೇಪದಲ್ಲಿ ಬಹುಪಾಲು ಸತ್ಯವಿದೆ. ಹಿಂದಿನ ಅಚ್ಚಿನ ಮೇಲೆ 16 ಟನ್ ಹೊತ್ತ ಟಿಪ್ಪರು ಆ ಒಂದು ಅಚ್ಚಿನಿಂದಲೇ ಸುಮಾರು 15 ಏಟು ಕೊಡುತ್ತದೆ, ಅಂದರೆ ಸೀಟು ತುಂಬಿದ ಹತ್ತು ಬಸ್ಸಿನಷ್ಟು. ಕಾಟಾ ಮೊದಲು ಹತ್ತಬೇಕಾದದ್ದು ಅದೇ. ಕಬ್ಬಿನ ವಿಷಯದಲ್ಲಂತೂ ಕಾರ್ಖಾನೆಯ ಕಾಟಾವೇ ಸಾಕ್ಷಿ: ಯಾವ ಟ್ರಾಲಿ ಎಷ್ಟು ತೂಗಿತು ಎಂಬುದು ಅಲ್ಲಿಯ ಪುಸ್ತಕದಲ್ಲಿದೆ. ರೈತನಿಗೆ ದುಡ್ಡು ಕೊಡಲು ಸಾಕಾದ ಆ ಅಂಕಿ ರಸ್ತೆ ಇಲಾಖೆಯ ಮೇಜಿನವರೆಗೆ ಹೋಗುವುದಿಲ್ಲ. ಆದರೂ ಎರಡು ಮಾತು ಉಳಿಯುತ್ತವೆ. ಕಬ್ಬಿನ ಹಂಗಾಮು ಕೆಲವು ತಿಂಗಳದ್ದು, ಅದೂ ಮಳೆ ನಿಂತ ಮೇಲೆ. ಬಸ್ಸು ಕರಿಮಣ್ಣು ನೆನೆದ ಆಷಾಢ ಶ್ರಾವಣದಲ್ಲೂ ಓಡುತ್ತದೆ. ಮತ್ತೆ, ತನ್ನದೇ ಬಸ್ಸನ್ನು ತೂಗದ ಸರ್ಕಾರ ಟಿಪ್ಪರಿನವನನ್ನು ತೂಗಲು ಹೋದರೆ ಅವನು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಹೇಳಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಹೆಣ್ಣುಮಕ್ಕಳದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ಬಸ್ಸು ತುಂಬತೊಡಗಿದ ಮೇಲೆ ‘ತೂಕದ ಮಿತಿ’ ಎಂಬ ಮಾತು ಬಂದರೆ ಮೊದಲು ದಾರಿಯಲ್ಲಿ ಉಳಿಯುವವರು ಅವರೇ. ಹಳ್ಳಿಖೇಡದ ನಿಲ್ದಾಣದಲ್ಲಿ ಕೂಲಿಗೋ ಸಂತೆಗೋ ಹೊರಟು ನಿಂತವರನ್ನು ಕಂಡೂ ಬಸ್ಸು ನಿಲ್ಲಿಸದೆ ಹೋಗಲು ಚಾಲಕನಿಗೆ ಹೊಸ ನೆಪ ಸಿಕ್ಕಂತಾಗುತ್ತದೆ. ಬಿಟ್ಟುಹೋದವರು ಮನೆಗೆ ಮರಳುವುದಿಲ್ಲ. ಟಂಟಂ ಹತ್ತುತ್ತಾರೆ, ಕ್ರೂಸರಿನ ಹಿಂದೆ ಜೋತುಬೀಳುತ್ತಾರೆ. ರಸ್ತೆ ಉಳಿದೀತು, ಕೈಕಾಲು ಉಳಿಯಬೇಕಲ್ಲ. ಈ ಭಯಕ್ಕೆ ಉತ್ತರ ಕಾಯ್ದೆಯೊಳಗೇ ಇದೆ, ಯಾರೂ ಅದನ್ನು ಓದುವುದಿಲ್ಲವಷ್ಟೇ. 194-ಎ ಕಲಮು ದಂಡ ಹೇಳಿ ಸುಮ್ಮನಾಗಿಲ್ಲ. ಹೆಚ್ಚಾದ ಪ್ರಯಾಣಿಕರನ್ನು ಇಳಿಸಿ ಅವರಿಗೆ ಬದಲಿ ವಾಹನದ ವ್ಯವಸ್ಥೆ ಮಾಡುವವರೆಗೆ ಆ ವಾಹನ ಮುಂದಕ್ಕೆ ಹೋಗಕೂಡದು ಎಂದು ಅದು ಹೇಳುತ್ತದೆ. ಶಾಸನ ಮಾಡಿದವರ ಮನಸ್ಸಿನಲ್ಲಿ ಇಳಿಸುವುದು ಅರ್ಧ ಕೆಲಸ ಮಾತ್ರ, ಇನ್ನೊಂದು ಬಸ್ಸು ಉಳಿದ ಅರ್ಧ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೂ ಮಾಣಿಕನಗರದ ಉತ್ಸವಕ್ಕೂ ಹೆಚ್ಚುವರಿ ಬಸ್ಸು ಬಿಡುವುದು ನಿಗಮಕ್ಕೆ ಗೊತ್ತು. ಕಾಲೇಜಿನ ಹೊತ್ತಿನ ಬಸ್ಸಿಗೆ ಅದು ದಿನದಿನದ ಜಾತ್ರೆ.

ಹೆಚ್ಚುವರಿ ಬಸ್ಸು ಯಾವ ಟ್ರಿಪ್ಪಿಗೆ ಬೇಕೆಂದು ತಿಳಿಯಲು ಊರೂರಲ್ಲಿ ತೂಕದ ಯಂತ್ರ ಕೂರಿಸಬೇಕಾಗಿಲ್ಲ. ಶಕ್ತಿ ಯೋಜನೆಯೇ ಅರಿವಿಲ್ಲದೆ ಒಂದು ಕಾಟಾ ಮಾಡಿಕೊಟ್ಟಿದೆ. ಉಚಿತವಾದರೂ ಪ್ರತಿ ಮಹಿಳೆಗೂ ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡಬೇಕು. ಹಾಗಾಗಿ ಟಿಕೆಟ್ ಯಂತ್ರದಲ್ಲಿ ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು, ಎಲ್ಲಿಗೆ ಟಿಕೆಟ್ ಪಡೆದರು ಎಂಬುದು ಮೊದಲಿಗಿಂತ ಪೂರ್ಣವಾಗಿ ಸಿಗುತ್ತದೆ. ಪಾಸಿನ ವಿದ್ಯಾರ್ಥಿಗಳು ಆ ಲೆಕ್ಕಕ್ಕೆ ಬರದಿದ್ದರೂ ಪಾಸು ಕೊಟ್ಟ ಲೆಕ್ಕ ಡಿಪೋದಲ್ಲಿದೆ. ಖಾಲಿ ಬಸ್ಸಿನ ತೂಕಕ್ಕೆ ಒಳಗಿರುವ ತಲೆಗಳನ್ನು ಅರವತ್ತರಿಂದ ಗುಣಿಸಿ ಕೂಡಿದರೆ ಹಳ್ಳಿಖೇಡದಿಂದ ಹುಮನಾಬಾದಿನವರೆಗೆ ಪ್ರತಿ ಸ್ಟೇಜಿನ ತೂಕ ಕಾಗದದ ಮೇಲೆ ಬಂತು. ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಹುಮನಾಬಾದ್, ಬಸವಕಲ್ಯಾಣ ಡಿಪೋಗಳ ಬಾಗಿಲಲ್ಲಿ ಗಾಲಿಯಡಿ ಇಡುವ ಒಂದು ಜೊತೆ ತೂಕದ ಹಲಗೆ ಇದ್ದರೆ ಆಯಿತು. ಹಂಗಾಮಿಗೆ ಒಂದೆರಡು ಸಲ ಮಾದರಿಗೆಂದು ಕೆಲವು ಬಸ್ಸು ತೂಗಿದರೆ ಸಾಕು. ದಂಡ ಹಾಕುವುದು ಇದರ ಉದ್ದೇಶವಲ್ಲ. ಸರ್ಕಾರ ತನಗೆ ತಾನೇ ದಂಡ ಹಾಕಿಕೊಂಡರೆ ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ, ಮಧ್ಯದಲ್ಲಿ ಸಂಬಳ ಕತ್ತರಿಸಿಕೊಳ್ಳುವವನು ನಿರ್ವಾಹಕ.

ರಸ್ತೆಯನ್ನೇ ಗಟ್ಟಿಯಾಗಿ ಕಟ್ಟಿದರೆ ಈ ರಾಮಾಯಣವೇ ಬೇಡ ಎನ್ನುವವರೂ ಇದ್ದಾರೆ. ಇದ್ದ ಅಷ್ಟೂ ಹಳ್ಳಿ ರಸ್ತೆಯನ್ನು ಹೆದ್ದಾರಿಯಷ್ಟು ದಪ್ಪ ಮಾಡಲು ಯಾವ ಬಜೆಟ್ಟೂ ಸಾಲದು. ಆದರೆ ಎಲ್ಲೆಡೆ ಗಟ್ಟಿ ಬೇಕಾಗಿಯೂ ಇಲ್ಲ. ಡಾಂಬರಿಗೆ ಒಂದು ದೌರ್ಬಲ್ಯವಿದೆ: ಭಾರ ಬೇಗ ಹಾದುಹೋದರೆ ತಡೆದುಕೊಳ್ಳುತ್ತದೆ, ಒಂದೇ ಜಾಗದಲ್ಲಿ ನಿಂತರೆ ಮೇಣದಂತೆ ತಗ್ಗುತ್ತದೆ. ಬೀದರ್ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಅದು ಇನ್ನೂ ಮೆತ್ತಗೆ. ಬಸ್ಸು ಬ್ರೇಕು ಹಾಕಿ ನಿಲ್ಲುವ, ಜನ ಹತ್ತುವವರೆಗೆ ಕಾಯುವ, ಮತ್ತೆ ಜಗ್ಗಿಕೊಂಡು ಹೊರಡುವ ಜಾಗದಲ್ಲೇ ಅಲೆಯಲೆಯಾಗಿ ಡಾಂಬರು ಸರಿದಿರುವುದನ್ನು ಯಾವ ನಿಲ್ದಾಣದ ಮುಂದೆಯೂ ನೋಡಬಹುದು. ಅಷ್ಟು ಜಾಗಕ್ಕೆ, ನಿಲ್ದಾಣಕ್ಕೆ ಮೂವತ್ತು ನಲವತ್ತು ಮೀಟರು, ಸಿಮೆಂಟು ಕಾಂಕ್ರೀಟು ಹಾಕಿದರೆ ಕೆಡುವ ಜಾಗದ ದೊಡ್ಡ ಪಾಲು ಉಳಿಯುತ್ತದೆ. ತಿರುವಿನಲ್ಲಿ, ಹಳ್ಳ ದಾಟುವ ಕಿರುಸೇತುವೆಯ ಎರಡೂ ಬದಿಯಲ್ಲಿ, ಕರಿಮಣ್ಣಿನ ತಗ್ಗಿನಲ್ಲಿ ಮುರುಮಿನ ಹಾಸು ದಪ್ಪ ಮಾಡಿ ನೀರಿಗೆ ಚರಂಡಿ ತೆಗೆದರೆ ಉಳಿದದ್ದು. ಸಂವಿಧಾನದ 371-ಜೆ ವಿಧಿಯಡಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ರಸ್ತೆಯೂ ಬಸ್ಸೂ ಬೇರೆ ಬೇರೆ ಇಲಾಖೆಯವಾದರೂ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಬಲ್ಲ ಸಂಸ್ಥೆ ಅದು.

ಆ ಮೇಜಿನ ಮೇಲೆ ಮೊದಲು ಬರಬೇಕಾದದ್ದು ಒಂದು ಸಣ್ಣ ಪಟ್ಟಿ: ಹುಮನಾಬಾದ್ ಮತ್ತು ಬಸವಕಲ್ಯಾಣ ಡಿಪೋಗಳ ಬಸ್ಸು ಹೋಗುವ ಪ್ರತಿ ಹಳ್ಳಿ ರಸ್ತೆಯ ಹೆಸರು, ಅದರ ಅಡಿಯ ಮಣ್ಣು ಕೆಂಪೋ ಕಪ್ಪೋ ಎಂಬುದು, ರಸ್ತೆಯನ್ನು ಎಷ್ಟು ಏಟಿಗೆ ಕಟ್ಟಿದ್ದಾರೆ ಎಂಬುದು, ಬೆಳಗಿನ ಬಸ್ಸು ಅಲ್ಲಿ ಎಷ್ಟು ತೂಗುತ್ತದೆ ಎಂಬುದು. ಮೊದಲ ಮೂರು ಅಂಕಣಗಳನ್ನು ತುಂಬುವ ಮಾಹಿತಿ ಎಂಜಿನಿಯರುಗಳ ಕಡತದಲ್ಲಿದೆ. ನಾಲ್ಕನೆಯದು ನಿರ್ವಾಹಕರ ಕೈಯಲ್ಲಿರುವ ಯಂತ್ರದಲ್ಲಿ ದಿನಾ ಬೆಳಿಗ್ಗೆ ಹುಟ್ಟಿ, ಸಂಜೆ ಹಣ ಕಟ್ಟುವ ಹೊತ್ತಿಗೆ ಬರಿಯ ಆದಾಯದ ಅಂಕಿಯಾಗಿ ಡಿಪೋದೊಳಗೆ ಸೇರಿಹೋಗುತ್ತಿದೆ.